ಹೆಡ್ಲಿ ಟ್ರೆಲೋರನ ಲಾಕಪ್ ಪೆಟ್ಟಿಗೆ

ಅಂಗಡಿಯಿಂದ ಏನನ್ನಾದರೂ ಕೊಂಡು ತಂದರೆ ಹೆಡ್ಲಿ ಟ್ರೆಲೋರನಿಗೆ ಮರ್ಯಾದೆ ಹೋದ ಹಾಗೆ. ಬೇಕಾದರೆ ಮೂಂಟಾ ಅನ್ನುವ ಊರಿನ ಅವನ ಮನೆಗೆ ಹೋಗಿ ನೋಡಿ. ಗ್ಯಾರೇಜಿನ ಬಾಗಿಲು ತಾನಾಗಿ ತೆರೆದುಕೊಳ್ಳಲಿ ಅಂತ ಅವನೇ ಮೋಟಾರು ಕೂರಿಸಿದ; ಈಗ ಪಕ್ಕದ ಮನೆಯವರು ಟಿವಿ ಹಾಕಿದಾಗಲೆಲ್ಲ ಅದು ತೆರೆದುಕೊಳ್ಳುತ್ತದೆ. ಬಿಸಿನೀರಿನ ಕೊಳವೆಗೆ ಅವನೇ ಏನೋ ತಿರುಪು ಹಾಕಿದ. ಅಂದಿನಿಂದ ಆ ಮನೆಯಲ್ಲಿ ಸ್ನಾನಕ್ಕೆ ಹೋಗುವವರು ಮೊದಲು ಕೂಗಿ ಹೇಳಬೇಕು, ಅವರು ಹೊರಗೆ ಬರುವ ತನಕ ಅಡುಗೆಮನೆಯ ನಲ್ಲಿಯನ್ನು ಯಾರೂ ಮುಟ್ಟುವಂತಿಲ್ಲ. ಯಾಕಪ್ಪಾ ಹೀಗೆ ಅಂದರೆ "ಆಗುತ್ತೆ ಬಿಡು" ಅನ್ನುತ್ತಾನೆ. ಆ ಸೀಮೆಯ ಗಂಡಸರು ಈ ಮಾತನ್ನು ಹೊಟ್ಟೆಯಲ್ಲಿದ್ದಾಗಲೇ ಕಲಿತು ಬಂದಿರುತ್ತಾರೋ ಏನೋ. ಆಗುವುದಂತೂ ಇಲ್ಲ, ಬಿಡುವುದೂ ಇಲ್ಲ.

ಹೀಗಿದ್ದವನು ಎರಡು ವರ್ಷದಿಂದ ಗಾಡಿಗೆ ಕೈ ಹಾಕಿದ್ದ.

ಗಾಡಿ ಅಂದರೆ ಕ್ಯಾರವಾನ್ ಅನ್ನುವ ಚಕ್ರದ ಮೇಲಿನ ಮನೆಯನ್ನು ಎಳೆಯುವ ದೊಡ್ಡ ಡೀಸೆಲ್ ಗಾಡಿ, ಗೇರು ತಾನೇ ಬದಲಾಗುವ ಜಾತಿಯದು. ಇಂಥ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ಗುಂಡು ಡಬ್ಬಿ ಇರುತ್ತದೆ. ಇಂಜಿನ್ನು ಒಂದು ಕಡೆಯಿಂದ ಎಣ್ಣೆಯನ್ನು ಕಡೆಯುತ್ತದೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ಕಡೆ ತಿರುಗುತ್ತದೆ. ಭಾರ ಹೆಚ್ಚಾದರೆ ನಡುವೆ ಜಾರಾಟ. ಜಾರಿದಷ್ಟೂ ಎಣ್ಣೆ ಕಾಯುತ್ತದೆ, ಎಣ್ಣೆ ಕಾದಷ್ಟೂ ಗೇರ್‌ಬಾಕ್ಸಿನ ಆಯಸ್ಸು ಕಮ್ಮಿ. ಅದಕ್ಕೇ ಒಳಗೊಂದು ಬೀಗ ಇಟ್ಟಿರುತ್ತಾರೆ. ಬೀಗ ಬಿತ್ತೆಂದರೆ ಎರಡೂ ಕಡೆ ಒಂದಾಗಿ ತಿರುಗಿ, ಜಾರಾಟ ನಿಂತು, ಎಣ್ಣೆ ತಣ್ಣಗಿರುತ್ತದೆ. ಇದಕ್ಕೆ ಲಾಕಪ್ ಅಂತ ಹೆಸರು. ಏರಿನಲ್ಲಿ ಬೀಗ ಹಾಕಬೇಕೋ ಬೇಡವೋ ಅನ್ನುವುದನ್ನು ಗಾಡಿಯೊಳಗಿನ ಕಂಪ್ಯೂಟರು ತನ್ನಿಷ್ಟಕ್ಕೆ ತೀರ್ಮಾನ ಮಾಡುತ್ತದೆ. ಹಿಂದೆ ಕ್ಯಾರವಾನ್ ಕಟ್ಟಿದ್ದರೆ ಆ ತೀರ್ಮಾನ ತಪ್ಪೇ ಆಗಿರುತ್ತದೆ. ಬೀಗ ತಮ್ಮ ಕೈಯಲ್ಲಿರಲಿ ಅನ್ನುವವರು ಅದಕ್ಕೊಂದು ಪೆಟ್ಟಿಗೆ ಕೊಂಡು ಹಾಕಿಸಿಕೊಳ್ಳುತ್ತಾರೆ, ಸ್ವಿಚ್ ಒತ್ತಿದರೆ ಬೀಗ ಬೀಳುತ್ತದೆ.

ಪಕ್ಕದ ಬೀದಿಯ ಕಿಮ್ ಹಾಸ್ಕಿಂಗ್ ಹಾಗೇ ಕೊಂಡು ಹಾಕಿಸಿಕೊಂಡ. ಕಿಮ್ ಮಾತಿನವನಲ್ಲ, ಭೂಮಿ ಬಾಯ್ಬಿಟ್ಟರೂ "ಹ್ಮ್" ಅನ್ನುವ ಮನುಷ್ಯ. ಅವನನ್ನು ಹೆಡ್ಲಿ ವರ್ಷವಿಡೀ ಆಡಿಕೊಂಡ. "ಮೊಟ್ಟೆ ಬೇಯ್ಸೋಕೂ ಅಂಗಡಿಯವನನ್ನ ಕರೀತಾನೆ ಕಣಯ್ಯ ಇವ್ನು. ನಾಲ್ಕು ತಂತಿ, ಒಂದು ರಿಲೇ, ಒಂದು ಸ್ವಿಚ್ಚು. ಇಷ್ಟಕ್ಕೆ ಪೆಟ್ಟಿಗೆ ಕೊಂಡ್ಕೊಳ್ಳೋರೂ ಇದಾರಲ್ಲ!"

ಆ ನಾಲ್ಕು ತಂತಿಗೆ ಹೆಡ್ಲಿ ಎರಡು ವರ್ಷ ತೆಗೆದುಕೊಂಡ. ಯಾಕೆ ಅನ್ನುವುದು ಅವನ ಹೆಂಡತಿ ರೋವೀನಾಳಿಗೆ ಮಾತ್ರ ಗೊತ್ತಿತ್ತು.

ರೋವೀನಾ ಮೂಂಟಾದಿಂದ ಶಾಲೆಯ ಬಸ್ಸು ಓಡಿಸಿದವಳು, ಒಂದು ದಿನವಲ್ಲ ಎರಡು ದಿನವಲ್ಲ, ತಲೆ ನರೆಯುವ ತನಕ. ಹಿಂದೆ ಹುಡುಗರು ಕಿತ್ತಾಡುತ್ತಿದ್ದರೂ, ವಾಂತಿ ಮಾಡಿಕೊಂಡರೂ, ಕಾಂಗರೂ ಅಡ್ಡ ಹಾರಿದರೂ ಬಸ್ಸನ್ನು ಗೆರೆ ಬಿಡದೆ ಓಡಿಸಿದವಳು. ಆದರೆ ಕ್ಯಾರವಾನ್ ಕಟ್ಟಿದ ಗಾಡಿಯ ಸ್ಟಿಯರಿಂಗನ್ನು ಹೆಡ್ಲಿ ಅವಳ ಕೈಗೆ ಒಂದು ಸಲವೂ ಕೊಟ್ಟಿರಲಿಲ್ಲ. ಅವಳ ಜಾಗ ಎಡಗಡೆಯ ಸೀಟು. ತೊಡೆಯ ಮೇಲೆ ನಕ್ಷೆ, ಕಾಲಬುಡದಲ್ಲಿ ಚಹಾದ ಫ್ಲಾಸ್ಕು, ಮಡಿಲಲ್ಲಿ ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿಗಳ ಪೊಟ್ಟಣ. ಕೇಳಿದರೆ, "ಬಸ್ಸು ಬೇರೆ, ಎಳೆಯೋದು ಬೇರೆ, ರೋ. ನೀನು ಓಡಿಸಿದ್ರೆ ಗೇರ್‌ಬಾಕ್ಸು ಕಾಯುತ್ತೆ. ಲಾಕಪ್ ಪೆಟ್ಟಿಗೆ ಒಂದು ಆಗ್ಲಿ, ಆಮೇಲೆ ನೀನೇ ಓಡ್ಸುವಂತೆ."

ಪೆಟ್ಟಿಗೆ ಆಗಿಬಿಟ್ಟರೆ ಕೊಡಬೇಕಾಗುತ್ತಲ್ಲ, ಅದಕ್ಕೇ ಪೆಟ್ಟಿಗೆ ಆಗುತ್ತಲೇ ಇರಲಿಲ್ಲ.

"ಲಾಕಪ್ಪಿನಲ್ಲಿರೋಳು ನಾನು," ಅಂತ ರೋವೀನಾ ಕಿಮ್‌ನ ಹೆಂಡತಿ ಲರ್ಲೀನಳಿಗೆ ಫೋನಿನಲ್ಲಿ ಹೇಳಿದಳು. "ಇವ್ನು ಬೀಗಕ್ಕೆ ಎಣ್ಣೆ ಬಿಡ್ತಾ ಕೂತಿದಾನೆ."

ಅವಳಿಗೂ ಒಂದು ಆಸೆ ಇತ್ತು, ನಿನ್ನೆ ಮೊನ್ನೆಯದಲ್ಲ. ಪೋರ್ಟ್ ಅಗಸ್ಟಾ ದಾಟಿ ಪಶ್ಚಿಮಕ್ಕೆ ಹೊರಟರೆ ಮರವೇ ಇಲ್ಲದ ಬಯಲಿನಲ್ಲಿ ರಸ್ತೆ ನೇರಕ್ಕೆ ಹೋಗುತ್ತದೆ, ದಿನಗಟ್ಟಲೆ ಹೋಗುತ್ತದೆ, ಕೊನೆಗೆ ಆ ಕಡೆಯ ಸಮುದ್ರ. ಆ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದು ಹೋಗಬೇಕು. ಪಕ್ಕದ ಸೀಟಿನಲ್ಲಿ ಪಾಸ್ಟಿ ಕಾಯುತ್ತಾ ಅಲ್ಲ. ಬಸ್ಸಿನಲ್ಲಿ ದಿನಾ ಅದೇ ನಾಲ್ಕು ಊರು ಸುತ್ತುವಾಗಲೆಲ್ಲ ಅವಳು ಮನಸ್ಸಿನಲ್ಲಿ ಆ ರಸ್ತೆಯನ್ನೇ ಓಡಿಸುತ್ತಿದ್ದಳು.

ಅದಕ್ಕೇ ಈ ಸಲ ಆರು ತಿಂಗಳ ಪಶ್ಚಿಮ ಪ್ರವಾಸದ ಮಾತು ಬಂದಾಗ ಅಡುಗೆಮನೆಯಲ್ಲಿ ನಿಂತು ಖಂಡಿತವಾಗಿ ಹೇಳಿಬಿಟ್ಟಳು. "ನೋಡು ಹೆಡ್ಲಿ. ಪೋರ್ಟ್ ಅಗಸ್ಟಾ ತನಕ ಬರ್ತೀನಿ. ನಡುವೆ ಪೆಂಗೆಲಿ ಘಟ್ಟ ಸಿಗುತ್ತಲ್ಲ, ಹತ್ತೋದು ನೀನು ಹತ್ತು, ಇಳಿಸೋದು ನಾನು. ಕೊಟ್ರೆ ಮುಂದೆ ಇಬ್ರೂ ಸರದಿ ಮೇಲೆ ಓಡ್ಸಣ. ಕೊಡ್ಲಿಲ್ವೋ, ಅಲ್ಲಿಂದಾಚೆ ನೀನೊಬ್ನೇ. ಆರು ತಿಂಗಳು ನಕ್ಷೆ ಹಿಡ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ."

ಹೆಡ್ಲಿ ಅವಳ ಮುಖ ನೋಡಿದ. ತಮಾಷೆಯಲ್ಲ ಅನ್ನುವಷ್ಟು ಅವನಿಗೂ ಗೊತ್ತಾಯಿತು. ಎರಡು ವರ್ಷ ಆಗದೇ ಇದ್ದ ಪೆಟ್ಟಿಗೆ ಆ ವಾರವೇ ಆಗಿಹೋಯಿತು!

ಪೆಟ್ಟಿಗೆ ಅಂದರೆ ಅವನ ಅಪ್ಪನ ಕಾಲದ ತಂಬಾಕಿನ ತಗಡು ಡಬ್ಬಿ. ಅದರೊಳಗೆ ಕರೆಂಟು ಹರಿದರೆ ಟಕ್ಕನೆ ಕಚ್ಚಿಕೊಳ್ಳುವ ರಿಲೇ, ಮೇಲೆ ಒಂದು ಸ್ವಿಚ್ಚು, ಒಂದು ಹಸಿರು ದೀಪ. ಅದನ್ನು ಹಾಕಿದ್ದಾದರೂ ಎಲ್ಲಿ? ಡ್ರೈವರನ ಬಲ ಮೊಣಕಾಲಿನ ಪಕ್ಕ, ಸ್ಟಿಯರಿಂಗಿನ ಕೆಳಗೆ. ಪಕ್ಕದಲ್ಲಿ ಕೂತವರು ಕತ್ತು ಮುರಿದುಕೊಂಡರೂ ಕಾಣಬಾರದು. "ಓಡ್ಸೋರಿಗೆ ಕಂಡ್ರೆ ಸಾಕು," ಅಂದ.

ಉದ್ಘಾಟನೆಗೆ ಅಂತ ಕ್ಯಾರವಾನ್ ಕ್ಲಬ್ಬಿನ ಗಂಡಸರನ್ನು ಶೆಡ್ಡಿಗೆ ಕರೆದ. ಬಂದರು, ಬಾನೆಟ್ ಎತ್ತಿದ ಗಾಡಿಯ ಸುತ್ತ ಬಿಯರ್ ಹಿಡಿದು ನಿಂತುಕೊಂಡರು. ಬಾನೆಟ್ ಎತ್ತಿದ ಗಾಡಿ ಕಂಡರೆ ಸಾಕು, ತೊಟ್ಟಿ ಕಂಡ ದನಗಳ ಹಾಗೆ ಬಂದು ಸೇರುತ್ತಾರೆ. ಒಬ್ಬನಿಗೂ ಏನೂ ತಿಳಿಯದಿದ್ದರೂ ಎಲ್ಲರೂ ತಲೆದೂಗಿದರು.

ಹೆಡ್ಲಿ ಎದೆ ಉಬ್ಬಿಸಿ ವಿವರಿಸಿದ. ಬ್ರೇಕ್ ತುಳಿದಾಗ ಬೀಗ ಬಿಡಲೇಬೇಕು, ಇಲ್ಲದಿದ್ದರೆ ಗಾಡಿ ನಿಲ್ಲುವಾಗ ಇಂಜಿನ್ನು ಗಕ್ಕನೆ ಆಫ್ ಆಗುತ್ತದೆ. ಕೊಂಡ ಪೆಟ್ಟಿಗೆಯಲ್ಲಿ ಅದಕ್ಕೆ ಬೇರೆಯೇ ಏರ್ಪಾಡು. ತನ್ನದರಲ್ಲಿ ಒಂದೇ ಒಂದು ತಂತಿ! ರಿಲೇ ಕಚ್ಚಿಕೊಳ್ಳಬೇಕಾದರೆ ಕರೆಂಟು ಒಂದು ತುದಿಯಿಂದ ಬಂದು ಇನ್ನೊಂದು ತುದಿಯಿಂದ ಹೋಗಬೇಕಲ್ಲ, ಹೋಗುವ ತುದಿಯನ್ನು ಅವನು ಹಿಂದಿನ ಬ್ರೇಕ್ ದೀಪದ ತಂತಿಗೆ ಕಟ್ಟಿದ್ದ. ಬ್ರೇಕ್ ತುಳಿಯದಿದ್ದಾಗ ಕರೆಂಟು ಬಲ್ಬಿನೊಳಗಿನ ಸಣ್ಣ ಎಳೆಯ ಮೂಲಕ ಹಾದು ಇಳಿದುಹೋಗುತ್ತದೆ, ರಿಲೇ ಕಚ್ಚುತ್ತದೆ, ಬೀಗ ಬೀಳುತ್ತದೆ. ತುಳಿದರೆ ದೀಪದ ತಂತಿಗೂ ಕರೆಂಟು ಬರುತ್ತದೆ, ಎರಡೂ ತುದಿ ಸಮ ಆಗುತ್ತವೆ, ರಿಲೇ ಬಿಟ್ಟುಬಿಡುತ್ತದೆ. ನಿಜ ಹೇಳಬೇಕೆಂದರೆ ಜಾಣತನದ ಕೆಲಸವೇ. ಅವನೇ ಅದನ್ನು ಅಷ್ಟು ಸಲ ಹೇಳದೆ ಇದ್ದಿದ್ದರೆ ಇನ್ನೊಬ್ಬರು ಹೇಳುತ್ತಿದ್ದರೋ ಏನೋ.

"ಬಲ್ಬು ಹೋದ್ರೆ?" ಅಂತ ಕಿಮ್ ಮೆಲ್ಲಗೆ ಕೇಳಿದ.

"ಅಷ್ಟೂ ಬಲ್ಬು ಒಟ್ಟಿಗೆ ಹೋಗ್ತಾವೇನಯ್ಯಾ? ಹಬ್ಬಕ್ಕೆ ಹೋಗ್ತಾವಾ?" ಹೆಡ್ಲಿ ಹೇಳಿದ್ದಕ್ಕೆ ಶೆಡ್ಡೆಲ್ಲ ಗೊಳ್ಳೆಂದಿತು. ಕಿಮ್ "ಹ್ಮ್" ಅಂದು ಬಿಯರು ಕುಡಿದ.

ಗಾಡಿ ಹೊರಟಿತು. ಹಿಂದೆ ತಮ್ಮ ಕ್ಯಾರವಾನ್ ಕಟ್ಟಿಕೊಂಡು ಕಿಮ್, ಲರ್ಲೀನ್. ಎರಡೂ ಗಾಡಿಗೆ ರೇಡಿಯೋ ಇತ್ತು, ಗುಂಡಿ ಒತ್ತಿ ಮಾತಾಡಿದರೆ ಇನ್ನೊಂದರಲ್ಲಿ ಕೇಳುತ್ತದೆ. ದಾರಿಯುದ್ದಕ್ಕೂ ಹೆಡ್ಲಿ ರೇಡಿಯೋ ಕೆಳಗಿಡಲಿಲ್ಲ. "ಕಿಮ್, ಈಗ ಬೀಗ ಹಾಕ್ದೆ ನೋಡು ಗುರು, ಹಸಿರು ದೀಪ ಬಂತು. ಬೆಣ್ಣೆ! ನಿನ್ನ ಅಂಗಡಿ ಪೆಟ್ಟಿಗೆ ಹೇಗಿದೆ?" ಕಿಮ್ "ಹ್ಮ್" ಅನ್ನುತ್ತಿದ್ದ. ರೋವೀನಾ ಕಿಟಕಿಯಾಚೆ ನೋಡುತ್ತಾ ಘಟ್ಟದ ತುದಿ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದಳು.

ಪೆಂಗೆಲಿ ಘಟ್ಟದ ಏರು ಶುರುವಾಯಿತು. ಸ್ವಲ್ಪ ದೂರ ಹತ್ತುವಷ್ಟರಲ್ಲೇ ರೋವೀನಾಳ ಕಿವಿ ನೆಟ್ಟಗಾಯಿತು. ಇಂಜಿನ್ನು ಅರಚಿಕೊಳ್ಳುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು.

"ಹೆಡ್ಲಿ, ಬೀಗ ಬಿದ್ದಿಲ್ಲ."

"ಬಿದ್ದಿದೆ. ಹಸಿರು ದೀಪ ಉರೀತಿದೆ."

"ದೀಪ ಉರೀಲಿ. ಶಬ್ದ ಕೇಳು. ಇಂಜಿನ್ನು ಕೂಗ್ತಿದೆ, ಗಾಡಿ ಹೋಗ್ತಿಲ್ಲ."

"ಇದು ನಿನ್ನ ಬಸ್ಸಲ್ಲ, ರೋ."

"ನನ್ನ ಬಸ್ಸಿಗೆ ಹೀಗೆ ಆಗಿದ್ರೆ ಹುಡುಗ್ರೂ ಹೇಳೋರು."

"ದೀಪ ಉರೀತಿದೆ ಅಂತ ಹೇಳ್ತಿದೀನಲ್ಲ!"

ಇನ್ನೊಂದು ತಿರುವಿಗೆ ಸುಟ್ಟ ಎಣ್ಣೆಯ ಕಮಟು ಒಳಗೆ ಬಂತು. ರೋವೀನಾ ಕಿಟಕಿ ಇಳಿಸಿದಳು. ಹೆಡ್ಲಿ ಹಸಿರು ದೀಪವನ್ನೇ ನೋಡುತ್ತಾ ಇನ್ನೂ ಒತ್ತಿದ. ಆಗ ರೇಡಿಯೋದಲ್ಲಿ ಲರ್ಲೀನಳ ದನಿ. "ಹೆಡ್ಲಿ, ನಿನ್ನ ಗಾಡಿ ಕೆಳಗಿಂದ ಏನೋ ಕೆಂಪಗೆ ಸುರೀತಾ ಇದೆ ಕಣೋ. ನಮ್ಮ ಗಾಜಿಗೆಲ್ಲ ಹೊಡೀತಿದೆ. ನಿಲ್ಸಪ್ಪಾ."

ಕೆಂಪೆಣ್ಣೆ. ಗೇರ್‌ಬಾಕ್ಸಿನದು. ಕಾದು ಉಕ್ಕಿ ಹೊರಗೆ ಬಂದಿತ್ತು.

ಎರಡೂ ಗಾಡಿ ರಸ್ತೆಯ ಪಕ್ಕ ನಿಂತವು. ಬಿಸಿಲು ಸುಡುತ್ತಿತ್ತು, ನೆರಳು ಅನ್ನುವುದು ಕ್ಯಾರವಾನಿನ ಮಗ್ಗುಲಲ್ಲಿ ಒಂದು ಪಟ್ಟಿ ಅಷ್ಟೇ. ಅಲ್ಲಿ ಹೆಂಗಸರಿಬ್ಬರೂ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಹೆಡ್ಲಿ ಗಾಡಿಯ ಕೆಳಗೆ ನುಗ್ಗಿದ. ಬಂದ, ಮತ್ತೆ ನುಗ್ಗಿದ. ಕಿಮ್ ಪಕ್ಕದಲ್ಲಿ ನಿಂತು ಕೇಳಿದ ಸ್ಪ್ಯಾನರು ಕೊಡುತ್ತಿದ್ದ. ಎಣ್ಣೆ ಆರುವ ತನಕ ಯಾರಿಗೂ ಬೇರೆ ಕೆಲಸವಿರಲಿಲ್ಲ. ಪಾಸ್ಟಿ ತಿಂದರು.

"ಸಿಕ್ತು!" ಹೆಡ್ಲಿ ಗಾಡಿಯ ಹಿಂದಿನಿಂದ ಕೂಗಿಕೊಂಡ. ಮುಖವೆಲ್ಲ ಗ್ರೀಸು, ಆದರೆ ಅಂಥ ಖುಷಿ ರೋವೀನಾ ಆ ಮುಖದಲ್ಲಿ ತಮ್ಮ ಮದುವೆಯ ದಿನವೂ ಕಂಡಿರಲಿಲ್ಲ. "ರೋ, ಬಾ ಇಲ್ಲಿ! ಎಷ್ಟು ಚೆಂದ ಇದೆ ನೋಡು ಬಾ! ಎಲ್‌ಇಡಿ ಕಣೇ, ಎಲ್‌ಇಡಿ!"

ಕ್ಲಬ್ಬಿನ ಚೀಟಿ ಎತ್ತುವ ಆಟದಲ್ಲಿ ಹೆಡ್ಲಿಗೆ ಬಹುಮಾನವಾಗಿ ಎಲ್‌ಇಡಿ ದೀಪಗಳ ಒಂದು ಜೊತೆ ಬಂದಿತ್ತು. ಪುಕ್ಕಟೆ ಬಂದದ್ದನ್ನು ಬಿಡುವುದುಂಟೇ? ಹೊರಡುವ ಹಿಂದಿನ ದಿನ ಗಾಡಿಯ ಹಿಂದಿನ ಬ್ರೇಕ್ ದೀಪದ ಹಳೇ ಬಲ್ಬುಗಳನ್ನು ಕಿತ್ತೆಸೆದು ಅವನ್ನು ಹಾಕಿದ್ದ. ಕ್ಯಾರವಾನಿನವಂತೂ ಮೊದಲಿನಿಂದಲೂ ಎಲ್‌ಇಡಿ.

"ಎಲ್‌ಇಡಿ ಒಳಗೆ ಎಳೇನೇ ಇರಲ್ಲ!" ಅವನು ಕೈ ಬೀಸಿ ಬೀಸಿ ಹೇಳಿದ. "ಕರೆಂಟ್ ಇಳಿಯೋಕೆ ದಾರೀನೇ ಇಲ್ಲ. ದಾರಿ ಇಲ್ದೆ ರಿಲೇ ಹೇಗೆ ಕಚ್ಚುತ್ತೆ? ಕಚ್ಚಲ್ಲ! ಎಷ್ಟು ಸರಳ ನೋಡು!"

"ಅಂದ್ರೆ ನೀನು ಹಾಕಿದ ದೀಪ ನೀನು ಮಾಡಿದ ಪೆಟ್ಟಿಗೆನ ಸಾಯಿಸ್ತು," ಅಂದಳು ರೋವೀನಾ.

"ಸಾಯಿಸ್ಲಿಲ್ಲ. ದಾರಿ ಮುಚ್ತು, ಅಷ್ಟೇ."

"ಹಾಗಾದ್ರೆ ಆ ಹಸಿರು ದೀಪ ಯಾಕೆ ಉರೀತಿತ್ತು?" ಅಂತ ಲರ್ಲೀನ್ ಕುರ್ಚಿಯಿಂದಲೇ ಕೇಳಿದಳು.

"ಅದು ಸ್ವಿಚ್ಚು ಹಾಕಿದೆ ಅಂತ ತೋರ್ಸೋಕೆ."

"ಬೀಗ ಬಿದ್ದಿದೆ ಅಂತ ತೋರ್ಸೋಕಲ್ವಾ?"

"ಸ್ವಿಚ್ಚು ಹಾಕಿದ್ರೆ ಬೀಗ ಬೀಳ್ಲೇಬೇಕಲ್ಲಮ್ಮಾ!"

ಲರ್ಲೀನ್ ರೋವೀನಾಳ ಕಡೆ ನೋಡಿದಳು. ರೋವೀನಾಗೆ ನಗುವೂ ಬಂತು, ಮೈಯೂ ಉರಿಯಿತು. ಗೇರ್‌ಬಾಕ್ಸು ಅರ್ಧ ಬೆಂದಿದೆ, ಹೆಂಡತಿ ಹೇಳಿದ್ದು ಅಕ್ಷರಶಃ ನಿಜವಾಗಿದೆ. ಅದಕ್ಕೊಂದು ಮಾತು? "ನೀನು ಹೇಳಿದ್ದು ಸರಿ ಇತ್ತು ಕಣೇ" ಅಂತ ಒಂದೇ ಒಂದು ಮಾತು? ಊಹೂಂ. ತನ್ನ ತಪ್ಪನ್ನು ತಾನೇ ಕಂಡುಹಿಡಿದೆ ಅಂತ ಕುಣಿಯುತ್ತಿದ್ದಾನೆ ಮಹಾನುಭಾವ!

ಈಗ ಒಂದೇ ಒಂದು ಹಳೇ ಬಲ್ಬು ಬೇಕಿತ್ತು. ಯಾರ ಹತ್ತಿರ ಇರುತ್ತದೆ ಹೇಳಿ? ಕಿಮ್ ತನ್ನ ಗಾಡಿಗೆ ಹೋಗಿ ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಬಲ್ಬೊಂದನ್ನು ತಂದು ಕೊಟ್ಟ. ಹೆಡ್ಲಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದ, ಸಾಲ ಕೊಟ್ಟವನು ನಾಣ್ಯ ನೋಡುವ ಹಾಗೆ. "ನಡೆಯುತ್ತೆ," ಅಂದ. ಥ್ಯಾಂಕ್ಸು ಗೀಂಕ್ಸು ಏನೂ ಇಲ್ಲ. ಬಲ್ಬು ಹಾಕಿ ಸ್ವಿಚ್ಚು ಒತ್ತಿದ್ದೇ ರಿಲೇ ಟಕ್ ಅಂದಿತು.

ಎಣ್ಣೆ ಆರಿತು. ಡಬ್ಬಿಯಲ್ಲಿದ್ದ ಹೊಸ ಎಣ್ಣೆ ಸುರಿದರು. ಮಿಕ್ಕ ಏರನ್ನು ಹೆಡ್ಲಿ ಹತ್ತಿಸಿದ. ಬೀಗ ಬಿದ್ದಿತ್ತು, ಶಬ್ದ ಇಳಿದಿತ್ತು, ಅದನ್ನು ರೋವೀನಾ ಕೇಳಿ ಒಪ್ಪಿಕೊಂಡಳು. ಕೆಲಸ ಮಾಡುವಾಗ ಪೆಟ್ಟಿಗೆ ಮಾಡುತ್ತಿತ್ತು, ಇಲ್ಲ ಅನ್ನುವಂತಿರಲಿಲ್ಲ.

ಘಟ್ಟದ ನೆತ್ತಿಯಲ್ಲಿ ಗಾಡಿಗಳು ನಿಲ್ಲುವ ಅಗಲ ಜಾಗವಿತ್ತು. ಕೆಳಗೆ ಬಯಲು, ಬಯಲಿನಾಚೆ ಕೊಲ್ಲಿಯ ನೀರು ತಗಡಿನಂತೆ ಹೊಳೆಯುತ್ತಿತ್ತು. ಹೆಡ್ಲಿ ನಿಲ್ಲಿಸುವ ಲಕ್ಷಣವೇ ಇರಲಿಲ್ಲ.

"ಇಲ್ಲೇ," ಅಂದಳು ರೋವೀನಾ.

"ರೋ, ಇವತ್ತು ಬೇಡ. ಈಗಷ್ಟೇ ಸರಿ ಮಾಡಿದೀನಿ. ಅದರ ಸ್ವಭಾವ ನನಗೊಬ್ಬನಿಗೇ ಗೊತ್ತಿರೋದು. ನಾಳೆ, ಬಯಲು ಸಿಕ್ಕಿದ್ಮೇಲೆ..."

"ನಿಲ್ಸು, ಹೆಡ್ಲಿ."

ಅವಳ ದನಿ ಏರಿರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನ ಪುಂಡರಿಗೆ ಹೇಳುತ್ತಿದ್ದ ದನಿ ಅದು. ಹೆಡ್ಲಿ ನಿಲ್ಲಿಸಿದ. ಅವಳು ಇಳಿದು ಸುತ್ತಿ ಬಂದು ಅವನ ಬಾಗಿಲು ತೆರೆದು ನಿಂತುಕೊಂಡಳು. ಹಿಂದೆ ನಿಂತ ಗಾಡಿಯಿಂದ ಕಿಮ್, ಲರ್ಲೀನ್ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರು ನೋಡದೇ ಇದ್ದಿದ್ದರೆ ಇನ್ನೊಂದಷ್ಟು ರಗಳೆ ಮಾಡುತ್ತಿದ್ದ. ಮಗುವಿನ ಕೈಗೆ ಕತ್ತರಿ ಕೊಡುವವನ ಮುಖ ಮಾಡಿಕೊಂಡು ಇಳಿದ.

"ಸ್ವಿಚ್ಚು ಹಾಕೇ ಇದೆ, ಮುಟ್ಬೇಡ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರ್ಬೇಡ. ಎಡ ಕನ್ನಡಿ ನೋಡು. ಬಲ ಕನ್ನಡೀನೂ ನೋಡು. ಮುಂದೇನೂ ನೋಡು."

"ಆಯ್ತು. ಹತ್ತು."

ಅವನು ಎಡಗಡೆಯಿಂದ ಹತ್ತಿ ಕೂತ, ನಕ್ಷೆಯ ಮೇಲೆಯೇ ಕೂತ. ರೋವೀನಾ ಸೀಟು ಮುಂದಕ್ಕೆಳೆದುಕೊಂಡು ಕನ್ನಡಿ ಸರಿಮಾಡಿಕೊಂಡಳು. ಮೊಣಕಾಲಿನ ಪಕ್ಕ ಹಸಿರು ದೀಪ ಉರಿಯುತ್ತಿತ್ತು. ಏರಿನಲ್ಲೂ ಹೀಗೇ ಉರಿದಿತ್ತಲ್ಲ, ಬೀಗ ಬೀಳದಿದ್ದರೂ. ಸುಳ್ಳು ಹೇಳುವ ದೀಪವನ್ನು ಪಕ್ಕದಲ್ಲಿಟ್ಟುಕೊಂಡು ಇಷ್ಟು ಕಡಿದಾದ ಇಳಿಜಾರಿಗೆ ಇಳಿಯುವುದು ಅವಳಿಗೆ ಬೇಡವಾಗಿತ್ತು. ಸ್ವಿಚ್ಚನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ದೀಪ ಆರಿತು. ಹೆಡ್ಲಿ ಕನ್ನಡಿಯಲ್ಲಿ ಕ್ಯಾರವಾನ್ ನೋಡುತ್ತಿದ್ದ, ಅವನಿಗೆ ಇದು ತಿಳಿಯಲಿಲ್ಲ.

ಗೇರು ತಾನಾಗಿ ಮೇಲೇರದ ಹಾಗೆ ಹಿಡಿಯನ್ನು ಎರಡಕ್ಕೆ ಎಳೆದಳು, ಇಳಿಸಿದಳು.

ಏನು ಹೇಳಲಿ, ನೋಡುವ ಹಾಗಿತ್ತು. ಹಿಂದಿನಿಂದ ಕ್ಯಾರವಾನು ನೂಕುತ್ತಿತ್ತು, ಅವಳು ಅದಕ್ಕೆ ಬಿಟ್ಟುಕೊಡಲಿಲ್ಲ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕು, ತಕ್ಷಣ ಕಾಲು ತೆಗೆದು ಇಂಜಿನ್ನಿಗೆ ಭಾರ ಹೊರಿಸುವುದು, ತಿರುವು ದಾಟಿದ ಮೇಲೆ ಉಸಿರು. ಕುರಿ ತುಂಬಿದ ಲಾರಿಯೊಂದು ಎದುರಿಗೆ ಬಂದು ಅರ್ಧ ರಸ್ತೆ ನುಂಗಿತು. ಅವಳು ಅಂಚಿಗೆ ಸರಿದು ದಾರಿ ಬಿಟ್ಟಳು, ಲಾರಿಯವನು ಕೈ ಎತ್ತಿ ಹೋದ. ಅವಳಿಗೆ ಸಂತೋಷ ಉಕ್ಕುತ್ತಿತ್ತು. ಇನ್ನು ಬಯಲು, ಇನ್ನು ಪಶ್ಚಿಮ. ಕೊಟ್ಟನಲ್ಲ, ಅಂತೂ ಕೊಟ್ಟನಲ್ಲ. ಏರಿನಲ್ಲಿ ಆಗಿದ್ದನ್ನೆಲ್ಲ ಆ ಗಳಿಗೆಯಲ್ಲಿ ಅವಳು ಮಾಫಿ ಮಾಡಿಬಿಟ್ಟಿದ್ದಳು.

ಹೆಡ್ಲಿ ಮೊದಲೆರಡು ತಿರುವಿನಲ್ಲಿ ಬಾಗಿಲಿನ ಹಿಡಿ ಬಿಗಿಹಿಡಿದಿದ್ದ. ಮೂರನೆಯದರಲ್ಲಿ ಬಿಟ್ಟ. ಆಮೇಲೆ ರೇಡಿಯೋ ತೆಗೆದುಕೊಂಡು ಗುಂಡಿ ಒತ್ತಿದ.

"ಕಿಮ್, ಕೇಳಿಸ್ತಿದೆಯಾ? ನೋಡ್ತಿದೀಯಾ ನನ್ನ ಪೆಟ್ಟಿಗೆ ಕೆಲಸನ? ಹೇಗೆ ಹಿಡ್ಕೊಂಡಿದೆ ನೋಡು ಗಾಡಿನ! ಬೀಗ ಬಿದ್ದಿದ್ರೆ ಹೀಗೇ, ಇಂಜಿನ್ನೇ ಎಲ್ಲಾ ತಡ್ಕೊಳ್ಳುತ್ತೆ. ರೋ ಏನೂ ಮಾಡ್ತಿಲ್ಲ, ಸುಮ್ನೆ ಸ್ಟಿಯರಿಂಗ್ ಹಿಡ್ಕೊಂಡಿದಾಳೆ. ಇದಿದ್ರೆ ಯಾರು ಬೇಕಾದ್ರೂ ಇಳಿಸ್ಬೋದು ಮಾರಾಯ, ನಮ್ಮಜ್ಜೀನೂ ಇಳಿಸ್ತಾಳೆ!"

ಉಕ್ಕುತ್ತಿದ್ದ ಸಂತೋಷ ಅಲ್ಲಿಗೇ ತಣ್ಣಗಾಯಿತು. ರೋವೀನಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಸ್ಟಿಯರಿಂಗಿನಿಂದ ಕೈಯನ್ನೂ ತೆಗೆಯಲಿಲ್ಲ. ಹೆಡ್ಲಿಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಗಟ್ಟಿಯಾಗಿ ಹೇಳಿದಳು. "ಲರ್ಲೀನ್, ಆ ಪೆಟ್ಟಿಗೆ ಮೇಲಿಂದಲೇ ಆಫ್ ಇದೆ ಕಣೇ. ಹೊರಡೋಕೆ ಮುಂಚೇನೇ ಆಫ್ ಮಾಡಿದೀನಿ."

ಹೆಡ್ಲಿಯ ಹೆಬ್ಬೆರಳು ಗುಂಡಿಯಿಂದ ಜಾರಿತು. ಆಮೇಲೆ ಲರ್ಲೀನ್ ಬಿದ್ದು ಬಿದ್ದು ನಗುವುದು ಕೇಳಿಸಿತು, ಅದರ ಹಿಂದೆ ಕಿಮ್‌ನ "ಹ್ಮ್". ಈ ಸಲದ್ದು ಸ್ವಲ್ಪ ಉದ್ದವಾಗಿತ್ತು.

ಹೆಡ್ಲಿ ಬೆಲ್ಟು ಸಡಿಲಿಸಿ ಅವಳ ಮೊಣಕಾಲಿನ ಕಡೆ ಬಗ್ಗಲು ಹೋದ.

"ಕೂತ್ಕೋ. ಬೆಲ್ಟ್ ಹಾಕ್ಕೋ," ಅಂದಳು.

ಕೂತ. ಪೋರ್ಟ್ ಅಗಸ್ಟಾ ತನಕ ಅವಳೇ ಓಡಿಸಿದಳು.

ಕ್ಯಾರವಾನ್ ಪಾರ್ಕಿನಲ್ಲಿ ಅವರಿಗೆ ಸಿಕ್ಕಿದ ಜಾಗ ಇಕ್ಕಟ್ಟಿನದು, ಒಂದು ಕಡೆ ನೀರಿನ ನಲ್ಲಿ, ಇನ್ನೊಂದು ಕಡೆ ಯಾರದೋ ಬಟ್ಟೆ ಒಣಹಾಕುವ ಹಗ್ಗ. ಹಿಮ್ಮುಖವಾಗಿ ನುಗ್ಗಿಸಬೇಕು. ಇಷ್ಟು ವರ್ಷ ಇಂಥ ಜಾಗಗಳಲ್ಲಿ ಹೆಡ್ಲಿ ಸ್ಟಿಯರಿಂಗಿನಲ್ಲಿ, ರೋವೀನಾ ಕ್ಯಾರವಾನಿನ ಹಿಂದೆ. ಧೂಳಿನಲ್ಲಿ, ಮಳೆಯಲ್ಲಿ, ಅಕ್ಕಪಕ್ಕದವರೆಲ್ಲ ಚಹಾ ಹಿಡಿದು ತಮಾಷೆ ನೋಡುತ್ತಿರುವಾಗ, ಎರಡೂ ಕೈ ಬೀಸಿ ದಾರಿ ತೋರಿಸಬೇಕು. ಎಲ್ಲಾದರೂ ತಗುಲಿದರೆ ಬೈಗುಳ ಅವಳಿಗೆ. ಈಗ ಹೆಡ್ಲಿ ಇಳಿದು ಹಿಂದಕ್ಕೆ ಓಡಿ ಕೈ ಬೀಸತೊಡಗಿದ. "ಎಡಕ್ಕೆ! ಎಡಕ್ಕೇ! ನನ್ನ ಎಡಕ್ಕಲ್ಲ, ನಿನ್ನ ಎಡಕ್ಕೆ!" ರೋವೀನಾ ಅವನ ಕಡೆ ನೋಡಲೇ ಇಲ್ಲ. ಎರಡು ಕನ್ನಡಿ ನೋಡಿದಳು, ಒಂದೇ ಸಲಕ್ಕೆ ಕೂರಿಸಿದಳು. ಪಕ್ಕದ ಜಾಗದ ಮುದುಕನೊಬ್ಬ ಚಪ್ಪಾಳೆ ತಟ್ಟಿದ.

ಅವಳು ಇಂಜಿನ್ನು ಆರಿಸಿದಳು. ಸೀಟಿನಿಂದ ಇಳಿಯದೆ ಕಾಯುತ್ತಿದ್ದಳು. ಇನ್ನೂ ಒಂದೇ ಒಂದು ಮಾತು ಸಾಕಾಗಿತ್ತು. ಚೆನ್ನಾಗಿ ಇಳಿಸಿದೆ ಕಣೇ. ಅಷ್ಟೇ. ಬೆಳಿಗ್ಗೆ ಎದ್ದು ಪಶ್ಚಿಮಕ್ಕೆ ಹೊರಡುತ್ತಿದ್ದಳು.

ಹೆಡ್ಲಿ ಬಂದ, ಬಾಗಿಲು ತೆರೆದ, ಬಗ್ಗಿ ಅವಳ ಮೊಣಕಾಲಿನ ಪಕ್ಕ ನೋಡಿದ. ಸ್ವಿಚ್ಚು ಮೇಲಕ್ಕಿತ್ತು, ದೀಪ ಆರಿತ್ತು. ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

"ಕೆಳಗೆ ಬಂದ್ಮೇಲೆ ಆಫ್ ಮಾಡಿದೀಯ."

"ಮೇಲೇನೇ ಆಫ್ ಮಾಡ್ದೆ."

"ಇಲ್ಲ ರೋ. ಹಾಕಿರ್ಲೇಬೇಕು. ಬೀಗ ಇಲ್ದೆ ನೀನು ಆ ಥರ ಇಳಿಸೋಕೆ ಸಾಧ್ಯಾನೇ ಇಲ್ಲ. ಅವರ ಮುಂದೆ ನನ್ನ ಮಾನ ಕಳೀಬೇಕು ಅಂತ ರೇಡಿಯೋದಲ್ಲಿ ಹಾಗಂದೆ, ಆಮೇಲೆ ಮೆಲ್ಲಗೆ ಆಫ್ ಮಾಡ್ದೆ. ಹೋಗ್ಲಿ ಬಿಡು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಅವನು ನಿಜವಾಗಿಯೂ ಬೇಜಾರು ಮಾಡಿಕೊಂಡಿರಲಿಲ್ಲ. ರೋವೀನಾ ಅದನ್ನು ನೋಡಿದಳು. ಹೆಂಡತಿ ಸುಳ್ಳುಗಾತಿ ಆದರೂ ಪರವಾಗಿಲ್ಲ ಇವನಿಗೆ, ತಂಬಾಕಿನ ಡಬ್ಬಿ ಸುಳ್ಳಾಗಬಾರದು. ಈ ಮನುಷ್ಯನ ಪಕ್ಕದಲ್ಲಿ ಆ ರಸ್ತೆಯುದ್ದಕ್ಕೂ ಹೋದರೆ, ಸ್ಟಿಯರಿಂಗ್ ತನ್ನ ಕೈಯಲ್ಲಿದ್ದರೂ ಓಡಿಸುವವನು ಇವನೇ ಆಗಿರುತ್ತಾನೆ. ಪಶ್ಚಿಮದ ಸಮುದ್ರ ನೆನೆದು ಅವಳಿಗೆ ಅಲ್ಲೇ ಅತ್ತುಬಿಡಬೇಕು ಅನ್ನಿಸಿತು. ಅಳಲಿಲ್ಲ. ಇಳಿದು ಕ್ಯಾರವಾನಿನ ಒಳಗೆ ಹೋಗಿ ತನ್ನ ಬಟ್ಟೆಯ ಚೀಲ ತಂದಳು, ಗಾಡಿಯ ಕೀಲಿಯನ್ನು ಅವನ ಕೈಗೆ ಹಾಕಿದಳು.

"ಏನಿದು?"

"ಬಸ್ಸು ಹಿಡ್ದು ಮನೆಗೆ ಹೋಗ್ತೀನಿ. ನೀನು ಪಶ್ಚಿಮಕ್ಕೆ ಹೋಗಪ್ಪಾ, ನಿನ್ನ ಪೆಟ್ಟಿಗೆ ಜೊತೆ."

"ಯಾಕೆ? ಘಟ್ಟ ಇಳಿಸೋಕೆ ಕೊಟ್ನಲ್ಲ!"

"ಕೊಟ್ಟೆ. ಆದ್ರೆ ಇಳಿಸಿದ್ದು ನಾನಲ್ಲ ಅಂತೀಯಲ್ಲ."

ಹೆಡ್ಲಿ ಕೀಲಿ ನೋಡಿದ, ಅವಳನ್ನು ನೋಡಿದ, ಇಕ್ಕಟ್ಟಿನ ಜಾಗದಲ್ಲಿ ನಿಂತ ಕ್ಯಾರವಾನಿನ ಕಡೆ ತಿರುಗಿ ನೋಡಿದ. ಮುಂದಿನ ಆರು ತಿಂಗಳು, ಊರಿಂದೂರಿಗೆ, ಇಂಥವೇ ಎಷ್ಟೋ ಜಾಗಗಳು ಅವನ ಕಣ್ಣ ಮುಂದೆ ಬಂದಿರಬೇಕು. ಈಗ ಮಾತ್ರ ಅವನ ಮುಖ ಪೆಚ್ಚಾಯಿತು.

"ಅಲ್ಲ ರೋ," ಅಂದ, ನಿಜವಾದ ಗಾಬರಿಯಲ್ಲಿ. "ಹಾಗಾದ್ರೆ ಹಿಂದೆ ನಿಂತು ಕೈ ತೋರ್ಸೋರು ಯಾರು?"

ರೋವೀನಾ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಒಂದು ಕೈ ಮಾಡಿ ಆ ಡಬ್ಬಿಗೆ ಸಿಗಿಸ್ಕೋ," ಅಂದಳು. "ನಿನಗೆ ಎಲ್ಲಾ ಬರುತ್ತಲ್ಲ."